ತೀರಿಸಬೇಕಾದ ಮುಯ್ಯಿ



ಈ ಉಪನ್ಯಾಸದ ದತ್ತಿಯನ್ನು ಇಟ್ಟ ತಾಯಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ತಮ್ಮ ಹೆಸರನ್ನು ಆಹ್ವಾನ ಪತ್ರಿಕೆಯಲ್ಲಾಗಲಿ ವೇದಿಕೆಯ ಮೇಲಾಗಲಿ ಹೇಳಕೂಡದೆಂದು ಅವರು ಮೊದಲೇ ಮಾತು ತೆಗೆದುಕೊಂಡಿದ್ದಾರೆ. ಪಿಂಚಣಿಯಲ್ಲಿ ಉಳಿಸಿದ ಹಣವನ್ನು ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ, ಅದು ಅಚ್ಚಾಗಲಿ ಎಂದು ಬಯಸಿದವರು. ಅವರು ಈ ಸಭೆಯಲ್ಲೇ ಇದ್ದಾರೆ. ಅವರಿಗೆ ನಮಸ್ಕರಿಸಿ ಮಾತು ಶುರುಮಾಡುತ್ತೇನೆ.

ಇಂದಿನ ವಿಷಯ ಹೊರದೇಶಗಳ ಸಂದರ್ಶಕ ಫೆಲೋಶಿಪ್‌ಗಳು. ನಮ್ಮ ಅಧ್ಯಾಪಕರು, ಲೇಖಕರು, ಅನುವಾದಕರು ಮೂರು ತಿಂಗಳಿಗೋ ಒಂಬತ್ತು ತಿಂಗಳಿಗೋ ಅಲ್ಲಿನ ವಿಶ್ವವಿದ್ಯಾಲಯವೊಂದರ ಅತಿಥಿಗಳಾಗಿ ಹೋಗಿ ಬರುತ್ತಾರಲ್ಲ, ಆ ವ್ಯವಸ್ಥೆ. ಅದರ ಬಗ್ಗೆ ನಮ್ಮಲ್ಲಿ ಮಾತು ಬಂದಾಗಲೆಲ್ಲ ಅಭಿನಂದನೆಯಲ್ಲಿ ಶುರುವಾಗಿ ಪ್ರವಾಸಕಥನದಲ್ಲಿ ಮುಗಿಯುತ್ತದೆ. ಆ ಎರಡರ ನಡುವೆ ಒಂದು ಲೆಕ್ಕ ಬಾಕಿ ಉಳಿದಿದೆ ಎಂಬುದು ನನ್ನ ನಂಬಿಕೆ.

ಕೆಲವು ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಮೂರು ತಿಂಗಳು ಅನುವಾದಕಿಯಾಗಿ ಇದ್ದೆ. ಒಂದು ಕೋಣೆ, ಕಿಟಕಿಯ ಪಕ್ಕ ಒಂದು ಮೇಜು, ಆರು ಜನಕ್ಕೆ ಸೇರಿ ಒಂದು ಅಡುಗೆಮನೆ. ಹಾಸನ ಸೀಮೆಯ ಒಂದು ಕಥೆಯನ್ನು ಇಂಗ್ಲಿಷಿಗೆ ತರುತ್ತಿದ್ದೆ. ಅದರಲ್ಲಿ ಮದುವೆಯ ಮರುದಿನ ಯಜಮಾನ ಮುಯ್ಯಿ ಪುಸ್ತಕ ತೆರೆದು ಕೂರುವ ದೃಶ್ಯವಿದೆ. ಯಾರು ಎಷ್ಟು ಓದಿಸಿದರು, ಯಾರಿಗೆ ನಾವು ಹಿಂದೆ ಎಷ್ಟು ಓದಿಸಿದ್ದೆವು ಎಂದು ಬೆರಳಿಟ್ಟು ನೋಡುತ್ತಾನೆ. ಆ ‘ಮುಯ್ಯಿ’ಯ ಹತ್ತಿರ ನಾನು ಒಂದು ವಾರ ನಿಂತುಬಿಟ್ಟೆ. ಉಡುಗೊರೆ ಎಂದರೆ ಹಿಂದಿರುಗಿಸುವ ಮಾತೇ ಬರುವುದಿಲ್ಲ. ಸಾಲ ಎಂದರೆ ಪ್ರೀತಿ ಹೋಗಿಬಿಡುತ್ತದೆ. ಪಕ್ಕದ ಕೋಣೆಯಲ್ಲಿದ್ದ ಪೋಲೆಂಡಿನ ಅನುವಾದಕಿಯೊಬ್ಬರು ರಾತ್ರಿ ಸೂಪು ಕಾಯಿಸುತ್ತ ಕೇಳಿದರು: ಕೊಟ್ಟದ್ದನ್ನು ಬರೆದಿಡುವುದು ಅವಮಾನವಲ್ಲವೆ? ಅಲ್ಲ ಎಂದೆ. ಬರೆದಿಡದಿದ್ದರೆ ತೀರಿಸುವುದು ಮರೆತುಹೋಗುತ್ತದೆ, ಅದೇ ಅವಮಾನ. ನಮ್ಮ ಹಳ್ಳಿಯಲ್ಲಿ ನಾಟಿಯ ಕಾಲಕ್ಕೆ ಮುಯ್ಯಾಳು ಹೋಗುವುದನ್ನೂ ವಿವರಿಸಿದೆ. ಇಂದು ಅವರ ಗದ್ದೆಗೆ ನಮ್ಮ ಮನೆಯ ಇಬ್ಬರು, ನಾಳಿದ್ದು ನಮ್ಮ ಗದ್ದೆಗೆ ಅವರ ಮನೆಯ ಇಬ್ಬರು. ಕೂಲಿ ಇಲ್ಲ, ಊಟ ಉಂಟು. ಆ ಅನುವಾದಕಿ ‘ಮುಯ್ಯಿ’ ಶಬ್ದವನ್ನು ತಮ್ಮ ನೋಟುಬುಕ್ಕಿನಲ್ಲಿ ಬರೆದುಕೊಂಡರು. ‘ಯ್ಯ’ ಎಂಬ ಒತ್ತನ್ನು ಬಾಯಲ್ಲಿ ತರಲು ಅವರಿಗೆ ಎರಡು ದಿನ ಹಿಡಿಯಿತು.

ಆ ಮಾತುಕತೆಯ ನಂತರ ನಾನು ಫೆಲೋಶಿಪ್ಪನ್ನು ದಾನವೆಂದಾಗಲಿ ಬಹುಮಾನವೆಂದಾಗಲಿ ನೋಡಲಾರದವಳಾದೆ. ಅದು ಮುಯ್ಯಿ. ಪುಸ್ತಕ ತೆರೆದು ನೋಡಬೇಕು.

ಫೆಲೋಶಿಪ್ಪಿನ ಹಣ ಎಲ್ಲಿಂದ ಬಂತು ಎಂಬುದರಿಂದಲೇ ಶುರುಮಾಡೋಣ. ನಮ್ಮ ಬಹಳಷ್ಟು ಲೇಖಕರೂ ಕಲಾವಿದರೂ ಸಂಶೋಧಕರೂ ಬ್ರಿಟನ್ನಿಗೆ ಹೋದದ್ದು ಚಾರ್ಲ್ಸ್ ವ್ಯಾಲೇಸ್ ಇಂಡಿಯಾ ಟ್ರಸ್ಟಿನ ನೆರವಿನಿಂದ. ಈ ವ್ಯಾಲೇಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿ ಹಡಗಿನ ವ್ಯಾಪಾರ ನಡೆಸಿದವನು. 1916ರಲ್ಲಿ ತೀರಿಕೊಂಡ. ತನ್ನ ಆಸ್ತಿಯ ಬಹುಭಾಗವನ್ನು ಬ್ರಿಟನ್ನಿನ ಮತ್ತು ಬ್ರಿಟಿಷ್ ಇಂಡಿಯಾದ ಬೊಕ್ಕಸಗಳಿಗೆ ಬರೆದಿಟ್ಟಿದ್ದ. ದೇಶ ಸ್ವತಂತ್ರವಾಯಿತು, ಒಡೆಯಿತು. ಆ ಹಣದಲ್ಲಿ ಯಾರ ಪಾಲು ಎಷ್ಟು ಎಂಬುದು ತೀರ್ಮಾನವಾಗಿ ಭಾರತದ ಹೆಸರಿನ ಟ್ರಸ್ಟು ರೂಪುಗೊಂಡದ್ದು 1981ರಲ್ಲಿ. ಕಲ್ಕತ್ತೆಯ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತವರ ಬೆವರು ಆ ಹಣದಲ್ಲಿ ಇದೆ ಎಂದು ನಾನು ನಂಬುತ್ತೇನೆ. ಹಾಗಾಗಿ ಅದನ್ನು ಪಡೆದು ಹೋಗುವವರು ಸಂಕೋಚಪಡಬೇಕಾಗಿಲ್ಲ. ಆದರೆ ಯಾರ ಬೆವರು ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಫುಲ್‌ಬ್ರೈಟ್‌ನದು ಇನ್ನೂ ವಿಶೇಷವಾದ ಹುಟ್ಟು. ಎರಡನೆಯ ಮಹಾಯುದ್ಧ ಮುಗಿದಾಗ ಅಮೆರಿಕದ ಸೈನ್ಯಕ್ಕೆ ಸೇರಿದ ಅಪಾರ ಸಾಮಾನು ಬೇರೆ ಬೇರೆ ದೇಶಗಳಲ್ಲಿ ಉಳಿದಿತ್ತು. ಅದನ್ನು ಕೊಂಡ ದೇಶಗಳ ಬಳಿ ಡಾಲರ್ ಇರಲಿಲ್ಲ. ಅವರು ತಮ್ಮ ನಾಣ್ಯದಲ್ಲೇ ಕೊಡಲಿ, ಆ ಹಣ ವಿದ್ಯಾರ್ಥಿಗಳೂ ವಿದ್ವಾಂಸರೂ ಹೋಗಿ ಬರಲು ಬಳಕೆಯಾಗಲಿ ಎಂದು ಸೂಚಿಸಿದವರು ಸೆನೆಟರ್ ವಿಲಿಯಂ ಫುಲ್‌ಬ್ರೈಟ್. 1946ರಲ್ಲಿ ಅದು ಕಾನೂನಾಯಿತು. ಭಾರತದೊಂದಿಗೆ ಒಪ್ಪಂದಕ್ಕೆ ನೆಹರೂ ಸಹಿ ಹಾಕಿದ್ದು 1950ರ ಫೆಬ್ರವರಿಯಲ್ಲಿ. 2008ರಲ್ಲಿ ಒಪ್ಪಂದ ಹೊಸದಾಯಿತು, ಭಾರತ ಸರ್ಕಾರ ಸಮಪಾಲಿನ ಹಣ ಹಾಕಲು ಒಪ್ಪಿತು, ಫೆಲೋಶಿಪ್ಪಿನ ಹೆಸರಿನಲ್ಲಿ ನೆಹರೂ ಹೆಸರೂ ಸೇರಿತು. ಯುದ್ಧದ ಗುಜರಿಯಿಂದ ಹುಟ್ಟಿದ ಈ ಹಣ ಕನ್ನಡಕ್ಕೆ ಏನು ಮಾಡಿತು ಎಂಬುದನ್ನು ಈಗ ಹೇಳುತ್ತೇನೆ.

1959ರಲ್ಲಿ ಮೈಸೂರಿನ ಮೂವತ್ತು ವರ್ಷದ ಒಬ್ಬ ಇಂಗ್ಲಿಷ್ ಅಧ್ಯಾಪಕ ಫುಲ್‌ಬ್ರೈಟ್ ಪಡೆದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಓದಲು ಹೋದದ್ದು ಭಾಷಾವಿಜ್ಞಾನ. ಅವರು ಎ. ಕೆ. ರಾಮಾನುಜನ್. 1962ರಲ್ಲಿ ಷಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದ ಹೊಸತರಲ್ಲಿ ಹಳೆಯ ತಮಿಳಿನ ಒಂದು ವ್ಯಾಕರಣ ಸಿಗುತ್ತದೆಯೇ ಎಂದು ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಕೈಗೆ ಸಿಕ್ಕಿದ್ದು ಉ. ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ಕುರುಂತೊಗೈ. ಮೈಸೂರಿನ ತಮಿಳು ಮನೆಯಲ್ಲಿ ಬೆಳೆದ ಅವರಿಗೆ ಸಂಗಂ ಕಾವ್ಯ ಎದುರಾದದ್ದು ಷಿಕಾಗೊದ ನೆಲಮಾಳಿಗೆಯಲ್ಲಿ! ಅಲ್ಲಿಂದ 1967ರಲ್ಲಿ ತಮಿಳು ಪದ್ಯಗಳ ಅನುವಾದ ಬಂತು, 1973ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ ಬಂತು. ಬಸವಣ್ಣ, ಅಲ್ಲಮ, ಅಕ್ಕ, ದೇವರ ದಾಸಿಮಯ್ಯರ ವಚನಗಳು ಇಂಗ್ಲಿಷ್ ಓದುಗರ ಮನೆಗೆ ಹೋದದ್ದು ಆ ಪೆಂಗ್ವಿನ್ ಪುಸ್ತಕದಲ್ಲಿ. ಅರ್ಜಿಯಲ್ಲಿ ಬರೆದದ್ದು ಭಾಷಾವಿಜ್ಞಾನ, ಫಲ ಬಂದದ್ದು ವಚನದಲ್ಲಿ. ಫೆಲೋಶಿಪ್ಪಿನ ನಿಜವಾದ ಕೆಲಸ ಅರ್ಜಿಯ ಉದ್ದೇಶದ ಕಾಲಂನಲ್ಲಿ ಇರುವುದಿಲ್ಲ ಎಂಬುದನ್ನು ಆಯ್ಕೆ ಸಮಿತಿಗಳಲ್ಲಿ ಕೂರುವವರು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಕಾದಂಬರಿಕಾರ ಅನಂತಮೂರ್ತಿಯವರದೂ ಇದೇ ಬಗೆಯ ಕಥೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ 1963ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಹೋದರು. ಪ್ರಬಂಧದ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಅಲ್ಲಿ ಒಂದು ಸಂಜೆ ಇಂಗ್ಲಿಷ್ ಲೇಖಕ ಮಾಲ್ಕಂ ಬ್ರ್ಯಾಡ್ಬರಿಯವರ ಜೊತೆ ಬರ್ಗ್‌ಮನ್ನರ ‘ಸೆವೆಂತ್ ಸೀಲ್’ ಚಿತ್ರವನ್ನು ಸಬ್‌ಟೈಟಲ್ ಇಲ್ಲದೆ ನೋಡಿದರು. ಯುರೋಪಿನವನೊಬ್ಬ ಮಧ್ಯಯುಗವನ್ನು ಪುಸ್ತಕಗಳಿಂದ ಕಟ್ಟಿಕೊಳ್ಳಬೇಕು, ಭಾರತದ ಲೇಖಕನಿಗೋ ಅದು ಬದುಕಿನಲ್ಲೇ ಇದೆ ಎಂಬ ಮಾತು ಆ ಸಂಜೆಯ ಚರ್ಚೆಯಲ್ಲಿ ಬಂತೆಂದು ಅವರೇ ಹಲವೆಡೆ ಹೇಳಿಕೊಂಡಿದ್ದಾರೆ. ಕೋಣೆಗೆ ಹೋಗಿ ಬರೆಯತೊಡಗಿದ್ದು ‘ಸಂಸ್ಕಾರ’. ಸ್ವೀಡಿಷ್ ಭಾಷೆಯ ಒಂದು ಸಿನಿಮಾ, ಒಂದು ಇಂಗ್ಲಿಷ್ ಊರು, ಮಲೆನಾಡಿನ ಅಗ್ರಹಾರ. ಮನೆಯಲ್ಲೇ ಇದ್ದಿದ್ದರೆ ಆ ಕಾದಂಬರಿ ಹಾಗೆ ಬರುತ್ತಿತ್ತೇ? ನನಗೆ ಅನುಮಾನ. ಕಿವಿಯ ಸುತ್ತ ಕನ್ನಡ ಇಲ್ಲದ ದಿನಗಳಲ್ಲಿ ಒಳಗಿನ ಕನ್ನಡ ಹೇಗೆ ಜೋರಾಗಿ ಕೇಳತೊಡಗುತ್ತದೆ ಎಂಬುದು ಅಲ್ಲಿ ಇದ್ದು ಬಂದವರಿಗೆ ಗೊತ್ತು. ಮೂರನೆಯ ವಾರದಲ್ಲಿ ನನಗೆ ಕನಸಿನಲ್ಲಿ ಅಜ್ಜಿಯ ಮಾತು ಪೂರ್ತಿ ವಾಕ್ಯಗಳಲ್ಲಿ ಬರತೊಡಗಿತು, ಅಜ್ಜಿ ತೀರಿ ಇಪ್ಪತ್ತು ವರ್ಷವಾಗಿತ್ತು.

ಮುಂದೆ 1976ರಲ್ಲಿ ‘ಸಂಸ್ಕಾರ’ವನ್ನು ಇಂಗ್ಲಿಷಿಗೆ ತಂದವರು ರಾಮಾನುಜನ್. 1987-88ರಲ್ಲಿ ಗಿರೀಶ ಕಾರ್ನಾಡರು ಫುಲ್‌ಬ್ರೈಟ್ ನೆರವಿನಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅತಿಥಿಯಾಗಿದ್ದಾಗ, ರಾಮಾನುಜನ್ ಹಿಂದೆ ಹೇಳಿದ್ದ ಎರಡು ಜನಪದ ಕಥೆಗಳನ್ನು ಹಿಡಿದು ‘ನಾಗಮಂಡಲ’ ಬರೆದರು. ಅಜ್ಜಿಯರು ಅಡುಗೆಮನೆಯಲ್ಲಿ ಹೇಳುತ್ತಿದ್ದಂಥ ಕಥೆ ಹಿಮ ಬೀಳುವ ಊರಿನಲ್ಲಿ ನಾಟಕವಾಯಿತು. ಮುಯ್ಯಿ ಕೈಯಿಂದ ಕೈಗೆ ಹೋಗುವುದೆಂದರೆ ಇದೇ. 1959ರ ಒಂದು ವಿಮಾನದ ಟಿಕೆಟ್ಟಿನ ಫಲ ಎಲ್ಲಿಯವರೆಗೆ ಬಂತು, ನೋಡಿ.

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಾಹಿತಿಯೊಬ್ಬರ ಕಥೆಯಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರದು. ಸಮಾಜಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವುದೇ, ಆದರೂ ನಿಧಾನವಾಗಿ ಹೇಳಬೇಕೆನಿಸುತ್ತದೆ. ಆಕ್ಸ್‌ಫರ್ಡ್ ಅವರಿಗೆ ಉಪನ್ಯಾಸಕ ಹುದ್ದೆ ಕೊಟ್ಟಾಗ ಮೊದಲ ವರ್ಷ ಪಾಠ ಬೇಡ, ಹಳ್ಳಿಯಲ್ಲಿ ಇದ್ದು ಬನ್ನಿ ಎಂದಿತು. ಆ ಒಂದು ವರ್ಷದ ಔದಾರ್ಯವನ್ನು ಗಮನಿಸಿ. 1948ರಲ್ಲಿ ಶ್ರೀನಿವಾಸ್ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದರು. ಪುಸ್ತಕದಲ್ಲಿ ಅದಕ್ಕೆ ರಾಮಪುರ ಎಂದು ಹೆಸರು. 1952ರಲ್ಲಿ ಮತ್ತೆ ಹೋದರು. ಆಮೇಲೆ ಬರೋಡ, ದೆಹಲಿ. ವಿಭಾಗ ಕಟ್ಟುವ ಕೆಲಸ, ಸಮಿತಿ, ಪರೀಕ್ಷೆ. ಟಿಪ್ಪಣಿಗಳು ಇದ್ದವು, ಬರೆಯಲು ಬಿಡುವು ಇರಲಿಲ್ಲ. ಹದಿನೆಂಟು ವರ್ಷ ಹಾಗೆ ಕಳೆಯಿತು.

ಬಿಡುವು ಸಿಕ್ಕಿದ್ದು 1970ರಲ್ಲಿ, ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡಿನಲ್ಲಿರುವ ಉನ್ನತ ಅಧ್ಯಯನ ಕೇಂದ್ರದ ಫೆಲೋಶಿಪ್ಪಿನಲ್ಲಿ. ಅದು ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲ. ಏಪ್ರಿಲ್ 24ರ ಬೆಳಗಿನ ಜಾವ ಯಾರೋ ಕೇಂದ್ರಕ್ಕೆ ಬೆಂಕಿ ಇಟ್ಟರು. ಶ್ರೀನಿವಾಸರ ಕೋಣೆಯಲ್ಲಿದ್ದ, ಹದಿನೆಂಟು ವರ್ಷ ಸಂಸ್ಕರಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಸುಟ್ಟುಹೋದವು. ಮೂರೂ. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಶ್ರೀನಿವಾಸರಿಗೆ ಒಂದು ಸಲಹೆ ಕೊಟ್ಟರು: ನೆನಪಿನಿಂದಲೇ ಬರೆಯಿರಿ. ಹಾಗೆ ಹುಟ್ಟಿದ್ದು 1976ರ ‘ದಿ ರಿಮೆಂಬರ್ಡ್ ವಿಲೇಜ್’. ಊರಿನ ಹಿರಿಯರು, ಬಾಡಿಗೆ ಮನೆಯ ದನದ ಕೊಟ್ಟಿಗೆಯ ವಾಸನೆ, ಜಗಳ, ಗೆಳೆತನ ಎಲ್ಲವೂ ಒಬ್ಬ ಮನುಷ್ಯನ ನೆನಪಿನಲ್ಲಿ ಉಳಿದ ಹಾಗೆ ಅದರಲ್ಲಿ ಇವೆ. ಟಿಪ್ಪಣಿಗಳು ಉಳಿದಿದ್ದರೆ ಹೆಚ್ಚು ಕರಾರುವಾಕ್ಕಾದ ಪುಸ್ತಕ ಬರುತ್ತಿತ್ತು. ಇಷ್ಟು ಆಪ್ತವಾದದ್ದು ಬರುತ್ತಿರಲಿಲ್ಲ ಎಂದು ನನಗನಿಸುತ್ತದೆ. ಆದರೂ ಬೆಂಕಿಗೆ ಕೃತಜ್ಞತೆ ಹೇಳಲಾರೆ. ಕೃತಜ್ಞತೆ ಸಲ್ಲಬೇಕಾದದ್ದು ಬೆಂಕಿಯ ನಂತರವೂ ಅವರ ಮುಂದೆ ಇದ್ದ ಖಾಲಿ ದಿನಗಳಿಗೆ. ಕಾಲೇಜಿನ ಘಂಟೆ, ಮೌಲ್ಯಮಾಪನದ ಬಂಡಲ್ಲುಗಳ ನಡುವೆ ಈ ಅನಾಹುತ ಆಗಿದ್ದರೆ ಒಂದು ಹಳ್ಳಿಯನ್ನು ನೆನಪಿನಿಂದ ಎಬ್ಬಿಸಿ ನಿಲ್ಲಿಸುವ ತ್ರಾಣ ಯಾರಿಗೆ ಇರುತ್ತಿತ್ತು?

ಫೆಲೋಶಿಪ್ ಕೊಡುವುದು ಆ ಖಾಲಿ ದಿನಗಳನ್ನು. ನಮ್ಮ ಅಧ್ಯಾಪಕರಿಗೆ ಇಲ್ಲದ್ದು ಅದೇ.

ಇನ್ನು ಈ ದಿನಗಳು ಯಾರಿಗೆ ಸಿಗುತ್ತವೆ ಎಂದು ಕೇಳಬೇಕು. ಮೇಲೆ ಹೇಳಿದ ಹೆಸರುಗಳನ್ನೇ ನೋಡಿ. ಎಲ್ಲರೂ ಇಂಗ್ಲಿಷನ್ನು ಸರಾಗವಾಗಿ ಬರೆಯಬಲ್ಲವರು, ಎಲ್ಲರೂ ಗಂಡಸರು. ಅರ್ಜಿ ಇಂಗ್ಲಿಷಿನಲ್ಲಿ, ಯೋಜನಾ ಪ್ರಸ್ತಾವ ಇಂಗ್ಲಿಷಿನಲ್ಲಿ, ಬರಹದ ಮಾದರಿ ಇಂಗ್ಲಿಷಿನಲ್ಲಿ, ಶಿಫಾರಸು ಪತ್ರಗಳೂ ಇಂಗ್ಲಿಷಿನಲ್ಲಿ. ಹತ್ತು ಒಳ್ಳೆಯ ಕಥಾಸಂಕಲನ ಬರೆದ ಬೀದರಿನ ಲೇಖಕಿಗೆ ಅನುವಾದಕರು ಸಿಗುವವರೆಗೆ ಅರ್ಜಿ ಹಾಕುವುದಕ್ಕೇ ದಾರಿಯಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಹಾಸಿಗೆ ಹಿಡಿದ ಅತ್ತೆ ಇದ್ದರೆ, ಒಂಬತ್ತು ತಿಂಗಳು ಎಂಬುದು ಹೆಣ್ಣಿಗೆ ಬೇರೆಯೇ ಅರ್ಥದ ಅಳತೆ. ಇತ್ತೀಚೆಗೆ ಕೆಲವು ಸಂಸ್ಥೆಗಳು ಕೆಲವೇ ವಾರಗಳ ಅವಕಾಶ ಇಟ್ಟಿರುವುದು, ಒಂದೇ ಫೆಲೋಶಿಪ್ಪನ್ನು ತುಂಡು ಮಾಡಿ ಪಡೆಯಲು ಬಿಡುವುದು ಈ ಕಾರಣಕ್ಕೆ ದೊಡ್ಡ ಉಪಕಾರ.

ನನ್ನದೇ ಒಂದು ನೋವನ್ನು ಹೇಳಿಬಿಡುತ್ತೇನೆ. ಮೊದಲ ಸಲ ಆಯ್ಕೆಯ ಪತ್ರ ಬಂದಾಗ ನಾನು ಕೆಲಸದಲ್ಲಿದ್ದ ಕಡೆಯಿಂದ ನಿರಾಕ್ಷೇಪಣಾ ಪತ್ರ ಬರಬೇಕಿತ್ತು. ಕಡತ ಐದು ತಿಂಗಳು ಮೇಜಿನಿಂದ ಮೇಜಿಗೆ ಹೋಯಿತು. ಅನುವಾದವು ಬೋಧನೆಗೆ ಹೇಗೆ ಸಂಬಂಧಿಸಿದ್ದು ಎಂದು ಟಿಪ್ಪಣಿ ಬರೆದರು, ಉತ್ತರ ಕೊಟ್ಟೆ, ಮತ್ತೆ ಅದೇ ಟಿಪ್ಪಣಿ ಬಂತು. ಅಲ್ಲಿನವರು ಎರಡು ಸಲ ಕಾದು ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟರು. ಮಂಜೂರಾತಿ ಆದೇಶ ಕೈಸೇರಿದಾಗ ನಾನು ಹೊರಡಬೇಕಿದ್ದ ದಿನ ಕಳೆದು ಹನ್ನೊಂದು ದಿನವಾಗಿತ್ತು. ಮತ್ತೆ ಅರ್ಜಿ ಹಾಕಿ ಹೋದೆ, ಸರಿ. ಆದರೆ ಆ ವರ್ಷದಲ್ಲಿ ನಾನು ಅನುವಾದಿಸುತ್ತಿದ್ದ ಲೇಖಕರು ತೀರಿಕೊಂಡರು. ಅವರನ್ನು ಕೇಳಬೇಕೆಂದು ಬರೆದಿಟ್ಟಿದ್ದ ನಲವತ್ತು ಪ್ರಶ್ನೆಗಳ ಹಾಳೆ ಇನ್ನೂ ನನ್ನ ಬಳಿ ಇದೆ.

ಅನುವಾದಕರ ಮಾತಿಗೆ ಬರೋಣ. ಅನುವಾದಕರಿಗೆಂದೇ ಮನೆ ಕಟ್ಟಬೇಕೆಂಬ ಯೋಚನೆ ಯುರೋಪಿನಲ್ಲಿ ಗಟ್ಟಿಯಾದದ್ದು ಜರ್ಮನಿಯ ಸ್ಟ್ರಾಲೆನ್ ಎಂಬ ಸಣ್ಣ ಊರಿನಲ್ಲಿ, 1978ರಲ್ಲಿ. ಬೆಕೆಟ್ಟನನ್ನು ಜರ್ಮನ್ನಿಗೆ ತಂದ ಎಲ್ಮಾರ್ ಟೋಪ್‌ಹೋಫೆನ್ ಅದರ ಹಿಂದೆ ಇದ್ದರು. ಕೋಣೆಯಿಂದ ಹೊರಗೆ ಕಾಲಿಟ್ಟರೆ ಎಲ್ಲೆಲ್ಲೂ ನಿಘಂಟುಗಳ ಕಪಾಟು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 1989ರಲ್ಲಿ ಲೇಖಕ ಡಬ್ಲ್ಯು. ಜಿ. ಸೇಬಾಲ್ಡ್ ಅನುವಾದ ಕೇಂದ್ರ ಸ್ಥಾಪಿಸಿದರು. ಸ್ವಿಟ್ಜರ್ಲೆಂಡಿನ ಲೋರೆನ್‌ನಲ್ಲಿ 2005ರಿಂದ ಅನುವಾದಕರ ಮನೆ ಇದೆ. ಅಮೆರಿಕದ ಅಯೋವಾದಲ್ಲಿ 1967ರಲ್ಲಿ ಪಾಲ್ ಎಂಗಲ್ ಮತ್ತು ಹ್ವಾಲಿಂಗ್ ನಿಯೆ ಶುರುಮಾಡಿದ ಅಂತರರಾಷ್ಟ್ರೀಯ ಲೇಖಕರ ಶಿಬಿರಕ್ಕೆ ನಮ್ಮ ಕೆ. ವಿ. ತಿರುಮಲೇಶ್ ಹೋಗಿದ್ದರು, 2016ರಲ್ಲಿ ವಿವೇಕ ಶಾನಭಾಗ ಹೋಗಿದ್ದರು.

ಆ ಅಯೋವಾಕ್ಕೆ 2025ರ ಆರಂಭದಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಅನುದಾನ ನಿಂತಿತು. ಅದೇ ಜೂನ್‌ನಲ್ಲಿ ಫುಲ್‌ಬ್ರೈಟ್ ಮಂಡಳಿಯ ಬಹುಪಾಲು ಸದಸ್ಯರು, ಆಯ್ಕೆಯಲ್ಲಿ ಸರ್ಕಾರ ಕೈಹಾಕುತ್ತಿದೆಯೆಂದು ರಾಜೀನಾಮೆ ಕೊಟ್ಟರು. ಬೇರೆಯವರ ಮನೆಯ ಜಗಲಿಯಲ್ಲಿ ಎಷ್ಟು ದಿನ ಮಲಗಬಹುದು ಎಂಬುದು ಮನೆಯವರ ಮನಸ್ಸಿಗೆ ಬಿಟ್ಟದ್ದು. ನಾವು ದೂರಲಾಗದು. ಎಪ್ಪತ್ತು ವರ್ಷ ಅವರು ಜಾಗ ಕೊಟ್ಟರು.

2025ರ ಮೇ ತಿಂಗಳಲ್ಲಿ ಕಥಾಸಂಕಲನ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ಹಾಸನದ ಬಾನು ಮುಷ್ತಾಕ್ ಅವರಿಗೂ ಕೊಡಗಿನ ದೀಪಾ ಭಾಸ್ತಿ ಅವರಿಗೂ ಬಹುಮಾನದ 50,000 ಪೌಂಡು ಸಮವಾಗಿ ಹಂಚಿಕೆಯಾಯಿತು. ಲೇಖಕಿಗೆ ಅರ್ಧ, ಅನುವಾದಕಿಗೆ ಅರ್ಧ. ಅಂದು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಸಂತೋಷ ಒಂದು ಕಡೆ. ಇನ್ನೊಂದು ಕಡೆ, ಇನ್ನು ಕನ್ನಡವನ್ನು ಹುಡುಕಿಕೊಂಡು ಬರುವವರಿಗೆ ನಾವು ಎಲ್ಲಿ ಚಾಪೆ ಹಾಕುತ್ತೇವೆ ಎಂಬ ಯೋಚನೆ. ಕನ್ನಡದ ಪುಸ್ತಕ ಯುರೋಪಿನ ಭಾಷೆಗಳಿಗೆ ಹೋಗುವುದು ಬಹುಮಟ್ಟಿಗೆ ಇಂಗ್ಲಿಷಿನ ಬಾಗಿಲಿನಿಂದ. ‘ಮುಯ್ಯಿ’ ಎಂಬ ಶಬ್ದಕ್ಕೆ ನಾನು ಇಂಗ್ಲಿಷಿನಲ್ಲಿ ಏನು ಮಾಡಿದೆನೋ ಅದೇ ಪೋಲಿಷಿಗೂ ಹೋಗುತ್ತದೆ, ನನ್ನ ಸೋಲೂ ಜೊತೆಗೆ ಹೋಗುತ್ತದೆ. ನೇರವಾಗಿ ಕನ್ನಡದಿಂದ ಅನುವಾದಿಸುವವರು ಬೇಕೆಂದರೆ ಅವರು ಇಲ್ಲಿ ಇರಬೇಕು, ನಮ್ಮ ಬಸ್ಸಿನಲ್ಲಿ ಓಡಾಡಬೇಕು, ನಮ್ಮ ಅಡುಗೆಮನೆಯಲ್ಲಿ ಮಾತು ಕೇಳಬೇಕು. ಹಾಗೆ ಇದ್ದವರಿಂದ ನಮಗೆ ಏನು ಸಿಕ್ಕಿತು ಎಂಬುದಕ್ಕೆ ಕಿಟ್ಟೆಲ್ ಅವರೇ ಸಾಕ್ಷಿ. 1853ರಲ್ಲಿ ಬಂದವರು, ನಿಘಂಟು ಅಚ್ಚಾದದ್ದು 1894ರಲ್ಲಿ. ಅವರನ್ನು ಕಳಿಸಿ ಸಾಕಿದ್ದು ಬಾಸೆಲ್ ಮಿಷನ್. ಆ ಖರ್ಚೂ ನಮ್ಮದಲ್ಲ.

ಓದಲು ಹೊರಗೆ ಹೋಗುವುದು, ಹೊರಗಿನಿಂದ ಬಂದವರಿಗೆ ಜಾಗ ಕೊಡುವುದು ನಮಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಶಿಕಾರಿಪುರ ತಾಲ್ಲೂಕಿನಲ್ಲಿ ಹತ್ತಿರ ಹತ್ತಿರ ಇರುವ ಎರಡು ಊರುಗಳನ್ನು ನೋಡಿ. ತಾಳಗುಂದದ ಸ್ತಂಭಶಾಸನ, ಮಯೂರಶರ್ಮ ಗುರುವಿನೊಂದಿಗೆ ಕಂಚಿಯ ಘಟಿಕೆಗೆ ಓದಲು ಹೋದದ್ದನ್ನು ಹೇಳುತ್ತದೆ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಗಿ ಅವಮಾನ ತಿಂದು ಬಂದ. ಹೊರನಾಡಿಗೆ ಓದಲು ಹೋದವರ ಇತಿಹಾಸದಲ್ಲಿ ಅದೂ ಒಂದು ಪುಟ. ಪಕ್ಕದ ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನ ಇದಕ್ಕೆ ಎದುರು ದಿಕ್ಕಿನದು: ಹಲವು ವ್ಯಾಕರಣಗಳನ್ನು, ದರ್ಶನಗಳನ್ನು, ಕಾವ್ಯ ನಾಟಕಗಳನ್ನು ಓದಿಸುತ್ತಿದ್ದ ಜಾಗ, ಹಾಡುವವರಿಗೆ, ಕಥೆ ಹೇಳುವವರಿಗೆ, ಕುರುಡರಿಗೆ, ಕುಂಟರಿಗೆ, ನಾನಾ ದೇಶಗಳಿಂದ ಬಂದ ಭಿಕ್ಷುಗಳಿಗೆ ಅನ್ನ ಹಾಕುತ್ತಿದ್ದ ಜಾಗ, ರೋಗಿಗಳಿಗೆ ಔಷಧಿಯೂ ಉಂಟು. ಇದೆಲ್ಲ ನಡೆದದ್ದು ದತ್ತಿಯಿಂದ. ಬಂದವನು ಯಾವ ಮತದವನೆಂದು ಕೇಳಿ ಅನ್ನ ಹಾಕಿದಂತೆ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ಇಂದು ನಮ್ಮ ದತ್ತಿಗಳು ಬಹುತೇಕ ಭಾಷಣಕ್ಕೆ, ಚಿನ್ನದ ಪದಕಕ್ಕೆ, ಪ್ರಶಸ್ತಿಗೆ ಮೀಸಲು. ಅವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ಅಂಥದೊಂದು ದತ್ತಿಯಿಂದಲೇ ಇಲ್ಲಿ ನಿಂತಿದ್ದೇನೆ. ಆದರೆ ಒಬ್ಬ ಮನುಷ್ಯನಿಗೆ ಆರು ವಾರ ಕೋಣೆ, ಊಟ, ಒಂದು ಗ್ರಂಥಾಲಯದ ಚೀಟಿ ಕೊಡುವ ದತ್ತಿಯನ್ನು ಹುಡುಕಿದರೆ ಸಿಗುವುದು ಕಷ್ಟ. 2008ರಲ್ಲಿ ಶುರುವಾದ ಸಂಗಮ್ ಹೌಸ್ ಹೆಸರಘಟ್ಟದ ನೃತ್ಯಗ್ರಾಮದಲ್ಲಿ ಹಲವು ವರ್ಷ ದೇಶ ವಿದೇಶಗಳ ಲೇಖಕರನ್ನು ಇರಿಸಿಕೊಂಡು ಇದು ಸಾಧ್ಯವೆಂದು ತೋರಿಸಿದೆ. ಕನ್ನಡವನ್ನೇ ನಡುವೆ ಇಟ್ಟು ಧಾರವಾಡದಲ್ಲಿ, ಮೈಸೂರಿನಲ್ಲಿ, ಹೆಗ್ಗೋಡಿನಂಥ ಊರಿನಲ್ಲಿ ಒಂದೊಂದು ಮನೆ ಬೇಕು. ಬರುವ ಅನುವಾದಕರ ಪಕ್ಕ ಕೂತು ಪಠ್ಯ ಓದುವ ಒಬ್ಬ ಕನ್ನಡದ ಓದುಗರು ಬೇಕು, ಅವರಿಗೆ ಸಂಬಳ ಬೇಕು. ಬೀದರಿನ ಆ ಲೇಖಕಿಗೂ ಅದೇ ಮನೆಯಲ್ಲಿ ಒಂದು ಕೋಣೆ ಬೇಕು, ಇಂಗ್ಲಿಷಿನ ಅರ್ಜಿ ಇಲ್ಲದೆ. ಮಗುವನ್ನು ಕರೆತಂದರೆ ನೋಡಿಕೊಳ್ಳುವವರು ಬೇಕು. ವಿಶ್ವವಿದ್ಯಾಲಯಗಳು ರಜೆಯ ಕಡತಕ್ಕೆ ಮೂವತ್ತು ದಿನದ ಗಡುವು ಹಾಕಿಕೊಳ್ಳಬೇಕು. ಇದಕ್ಕೆ ಹಣ ಬೇಡ, ಮನಸ್ಸು ಸಾಕು.

ಈ ಉಪನ್ಯಾಸಕ್ಕೆ ಒಪ್ಪಿಕೊಂಡ ದಿನ ದತ್ತಿಯ ತಾಯಿಯವರನ್ನು ಕಾಣಲು ಹೋಗಿದ್ದೆ. ಕಾಫಿ ಕೊಟ್ಟು, ಯಾವುದರ ಬಗ್ಗೆ ಮಾತಾಡ್ತೀಯಮ್ಮ ಎಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಮ್ಮ ಮನೆಯ ಮಹಡಿ ಖಾಲಿ ಇದೆ, ಫ್ಯಾನು ಒಂದು ಹಾಕಿಸಬೇಕು ಎಂದರು. ಹೋದ ವಾರ ಫ್ಯಾನು ಹಾಕಿಸಿದ್ದಾರೆ, ಕಿಟಕಿಯ ಪಕ್ಕಕ್ಕೆ ಮೇಜು ಸರಿಸಿದ್ದಾರೆ. ಪೋಲೆಂಡಿನ ಗೆಳತಿಗೆ ಕಾಗದ ಬರೆದಿದ್ದೇನೆ. ಜುಲೈಯಲ್ಲಿ ಬರುತ್ತೇನೆ ಎಂದಿದ್ದಾರೆ. ಅರಕಲಗೂಡಿನ ಕಡೆ ನಮ್ಮೂರಿನಲ್ಲಿ ಆಗ ನಾಟಿ. ಅಣ್ಣನಿಗೆ ಹೇಳಿಟ್ಟಿದ್ದೇನೆ, ಪಕ್ಕದವರ ಗದ್ದೆಗೆ ಮುಯ್ಯಾಳು ಹೋಗುವ ದಿನ ನಮ್ಮ ಮನೆಯಿಂದ ಒಬ್ಬರು ಹೆಚ್ಚಿಗೆ ಬರುತ್ತಾರೆ ಎಂದು.